ಮತಯಂತ್ರವೂ ಮತದಾರನ ಸಂದೇಹವೂ

ಸಂತೆಯಲ್ಲಿ ಮಡಕೆ ಕೊಳ್ಳುವವನು ಅದನ್ನು ಬೆರಳಿನಿಂದ ಬಡಿದು, ನಾದವನ್ನು ಕೇಳಿ, ಆಮೇಲೆ ಹಣ ಎಣಿಸುತ್ತಾನೆ. ಹಾಗೆ ಬಡಿದು ನೋಡಿದನೆಂದು ಯಾವ ಕುಂಬಾರನೂ ಕೋಪಿಸಿಕೊಳ್ಳುವುದಿಲ್ಲ. ಅಲ್ಪ ಬೆಲೆಯ ಮಡಕೆಗೆ ಸಲ್ಲುವ ಈ ವಿವೇಕವು, ಐದು ವರ್ಷಗಳ ರಾಜ್ಯಭಾರವನ್ನು ಒಪ್ಪಿಸಿಕೊಡುವ ಮತದಾನಕ್ಕೆ ಸಲ್ಲಬಾರದೇಕೆ? ಭಾರತದಲ್ಲಿ ವಿದ್ಯುನ್ಮಾನ ಮತಯಂತ್ರವು ಮೊಟ್ಟಮೊದಲು ಬಳಕೆಗೆ ಬಂದ ೧೯೮೨ರಿಂದ ಇಂದಿನವರೆಗೂ ಅದರ ಸುತ್ತ ಸಂದೇಹವೊಂದು ಸುಳಿಯುತ್ತಲೇ ಇದೆ. ಒಂದು ವರ್ಗದವರು ಈ ಸಂದೇಹವನ್ನು ರಾಷ್ಟ್ರಕ್ಕೆ ಮಾಡಿದ ಅವಮಾನವೆಂಬಂತೆ ಕಾಣುತ್ತಾರೆ. ಇನ್ನೊಂದು ವರ್ಗದವರು ಸಂದೇಹವನ್ನೇ ಸಾಕ್ಷ್ಯವೆಂದು ಬಗೆಯುತ್ತಾರೆ. ಈ ಎರಡು ಅತಿರೇಕಗಳ ನಡುವೆ ವಿಚಾರವಂತನಾದ ಪ್ರಜೆಯು ನಿಲ್ಲಬೇಕಾದ ಸ್ಥಳ ಯಾವುದೆಂಬುದು ಪರಿಶೀಲನಾರ್ಹವಾದ ವಿಷಯ.

ವಿದ್ಯಾಸಂಸ್ಥೆಗಳಿಗೆ ಈ ವಿಷಯ ಹೊರಗಿನದಲ್ಲ. ಚುನಾವಣೆಯ ದಿನ ಶಾಲೆಯ ತರಗತಿಯೇ ಮತಗಟ್ಟೆಯಾಗುತ್ತದೆ. ಉಪಾಧ್ಯಾಯರೇ ಮತಗಟ್ಟೆಯ ಅಧ್ಯಕ್ಷಾಧಿಕಾರಿಗಳಾಗಿ ಕುಳಿತು ಯಂತ್ರಕ್ಕೆ ಅರಗಿನ ಮುದ್ರೆ ಹಾಕುತ್ತಾರೆ. ಆದುದರಿಂದ ಮತಯಂತ್ರದ ಬಗೆಗಿನ ನಂಬಿಕೆಯ ಪ್ರಶ್ನೆಯು ಬಹುಮಟ್ಟಿಗೆ ಉಪಾಧ್ಯಾಯನ ಕೈಯೊಳಗಿನ ಪ್ರಶ್ನೆಯೂ ಹೌದು.

ಕಾಗದದ ಕಾಲದ ಸಂದೇಹಗಳು

ಸಂದೇಹವು ಯಂತ್ರದೊಡನೆ ಹುಟ್ಟಿತೆಂದು ತಿಳಿಯುವುದು ತಪ್ಪು. ೧೯೫೧-೫೨ರ ಪ್ರಥಮ ಮಹಾಚುನಾವಣೆಯಲ್ಲಿ ಸುಮಾರು ಹದಿನೇಳು ಕೋಟಿ ಮತದಾರರಿದ್ದರು. ಅವರಲ್ಲಿ ಬಹುಪಾಲು ಜನ ಅಕ್ಷರವನ್ನರಿಯದವರು. ಅವರ ಅನುಕೂಲಕ್ಕಾಗಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆಯಿಟ್ಟು, ಅದರ ಮೇಲೆ ಚಿಹ್ನೆಯನ್ನು ಅಂಟಿಸಲಾಗಿತ್ತು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಎದುರಿಸಿದ ದೊಡ್ಡ ತೊಡಕು ಪೆಟ್ಟಿಗೆಯದಲ್ಲ, ಪಟ್ಟಿಯದು. ತಮ್ಮ ಸ್ವಂತ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ ಸುಮಾರು ಇಪ್ಪತ್ತೆಂಟು ಲಕ್ಷ ಮಹಿಳೆಯರ ಹೆಸರುಗಳನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಮುಂದೆ ಒಂದೇ ಮತಪತ್ರದಲ್ಲಿ ಎಲ್ಲ ಚಿಹ್ನೆಗಳನ್ನೂ ಅಚ್ಚುಮಾಡಿ ಮುದ್ರೆಯೊತ್ತುವ ಪದ್ಧತಿ ಬಂದಿತು. ಒಬ್ಬನೇ ಎರಡು ಬಾರಿ ಮತ ಹಾಕಿಯಾನೆಂಬ ಸಂದೇಹಕ್ಕೆ ಉತ್ತರವಾಗಿ ೧೯೬೨ರಿಂದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ ತಯಾರಾದ ಅಳಿಸಲಾಗದ ಶಾಯಿ ದೇಶದ ಮತದಾರರ ಬೆರಳನ್ನು ಸೇರಿತು. ಅದರಲ್ಲಿರುವ ಬೆಳ್ಳಿಯ ಲವಣವು ಚರ್ಮದಲ್ಲಿ ಕರೆಗಟ್ಟುವುದರಿಂದ ಗುರುತು ಹಲವು ದಿನ ಅಳಿಯದು. ಈ ಕಾರ್ಖಾನೆಯನ್ನು ೧೯೩೭ರಲ್ಲಿ ಸ್ಥಾಪಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು.

ಇಷ್ಟಾದರೂ ೧೯೭೧ರ ಲೋಕಸಭಾ ಚುನಾವಣೆಯ ತರುವಾಯ ದಕ್ಷಿಣ ದೆಹಲಿಯಲ್ಲಿ ಸೋತ ಜನಸಂಘದ ನಾಯಕ ಬಲರಾಜ ಮಧೋಕರು, ಮತಪತ್ರಗಳಿಗೆ ರಾಸಾಯನಿಕವನ್ನು ಲೇಪಿಸಲಾಗಿತ್ತು, ಮತದಾರನು ಒತ್ತಿದ ಮುದ್ರೆ ಮಾಯವಾಗಿ ಬೇರೊಂದು ಮುದ್ರೆ ತಾನಾಗಿ ಮೂಡಿತು ಎಂದು ಆಪಾದಿಸಿದರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ನ್ಯಾಯಾಲಯವು ಈ ಆಪಾದನೆಯನ್ನು ನಗೆಯಾಡಿ ತಳ್ಳಿಹಾಕಲಿಲ್ಲ. ಮತಪತ್ರಗಳನ್ನು ಪರೀಕ್ಷಿಸಲು ಅವಕಾಶ ಕೊಟ್ಟಿತು. ಆಪಾದನೆ ಸಾಬೀತಾಗಲಿಲ್ಲ. ಆದರೆ ಅದು ಬಿದ್ದುಹೋದದ್ದು ಪರೀಕ್ಷೆಯಿಂದ, ಅಧಿಕಾರದ ಗದರಿಕೆಯಿಂದಲ್ಲ. ಕಾಗದವು ಪೆಟ್ಟಿಗೆಯಲ್ಲಿ ಉಳಿದಿದ್ದುದರಿಂದಲೇ ಆ ಪರೀಕ್ಷೆ ಸಾಧ್ಯವಾಯಿತು.

ಪರವೂರಿನ ಪಾಠ

ಮತಗಟ್ಟೆಗಳನ್ನು ಬಲಾತ್ಕಾರದಿಂದ ವಶಪಡಿಸಿಕೊಂಡು ನೂರಾರು ಮತಪತ್ರಗಳಿಗೆ ಮುದ್ರೆಯೊತ್ತಿ ಪೆಟ್ಟಿಗೆ ತುಂಬುವ ದುಷ್ಟ ಪದ್ಧತಿಯು ದೇಶದ ಕೆಲವೆಡೆ ಬೆಳೆದಿದ್ದ ಕಾಲದಲ್ಲಿ, ೧೯೭೭ರಲ್ಲಿ ಮತಯಂತ್ರದ ಆಲೋಚನೆ ಚುನಾವಣಾ ಆಯೋಗದಲ್ಲಿ ಮೊಳೆಯಿತು. ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಮತ್ತು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಎಂಬ ಎರಡು ಸರ್ಕಾರಿ ಉದ್ಯಮಗಳು ಯಂತ್ರವನ್ನು ರೂಪಿಸಿದವು. ೧೯೮೨ರ ಮೇ ೧೯ರಂದು ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ ೮೪ ಮತಗಟ್ಟೆಗಳ ಪೈಕಿ ೫೦ರಲ್ಲಿ ಅದನ್ನು ಪ್ರಯೋಗಿಸಲಾಯಿತು.

ಮುಂದಿನ ಕಥೆ ಮನೋಜ್ಞವಾಗಿದೆ. ಕಮ್ಯುನಿಸ್ಟ್ ಅಭ್ಯರ್ಥಿ ಶಿವನ್ ಪಿಳ್ಳೆಯವರು ಚುನಾವಣೆಗೆ ಮುನ್ನವೇ ಯಂತ್ರವನ್ನು ವಿರೋಧಿಸಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ಪುರಸ್ಕಾರ ದೊರೆಯಲಿಲ್ಲ. ಆದರೆ ಎಣಿಕೆಯಲ್ಲಿ ಅವರೇ ೧೨೩ ಮತಗಳಿಂದ ಗೆದ್ದರು. ಆಗ ಯಂತ್ರದ ಮೇಲೆ ದೂರು ಹೊತ್ತು ಹೋದವರು ಸೋತ ಕಾಂಗ್ರೆಸ್ ಅಭ್ಯರ್ಥಿ ಎ.ಸಿ. ಜೋಸ್. ೧೯೮೪ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂದಿನ ಕಾಯಿದೆಯಲ್ಲಿ ಯಂತ್ರದಿಂದ ಮತದಾನ ನಡೆಸಲು ಅವಕಾಶವಿಲ್ಲವೆಂದು ತೀರ್ಮಾನಿಸಿ, ಆ ೫೦ ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಆಜ್ಞಾಪಿಸಿತು. ಮರುಮತದಾನದಲ್ಲಿ ಜೋಸ್ ಗೆದ್ದರು. ಯಂತ್ರ ಕೆಟ್ಟದ್ದೆಂದು ನ್ಯಾಯಾಲಯ ಹೇಳಲಿಲ್ಲ. ಶಾಸನದ ಒಪ್ಪಿಗೆಯಿಲ್ಲದೆ ಆಡಳಿತವು ತನ್ನಷ್ಟಕ್ಕೆ ತಾನೇ ಹೊಸ ಸಾಧನವನ್ನು ಪ್ರಜೆಯ ಮೇಲೆ ಹೇರಲಾಗದೆಂಬುದು ತೀರ್ಪಿನ ಸಾರ. ಅದಕ್ಕೆ ತಲೆಬಾಗಿ ಸಂಸತ್ತು ಪ್ರಜಾಪ್ರಾತಿನಿಧ್ಯ ಕಾಯಿದೆಯನ್ನು ತಿದ್ದಿತು; ಯಂತ್ರಕ್ಕೆ ಅವಕಾಶ ಕೊಡುವ ವಿಧಿ ೧೯೮೯ರಲ್ಲಿ ಜಾರಿಗೆ ಬಂದಿತು. ೧೯೯೮ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ದೆಹಲಿಗಳ ೧೬ ವಿಧಾನಸಭಾ ಕ್ಷೇತ್ರಗಳಲ್ಲಿ ಯಂತ್ರದ ಪುನಃಪ್ರವೇಶವಾಗಿ, ೨೦೦೪ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲ ೫೪೩ ಕ್ಷೇತ್ರಗಳನ್ನೂ ಅದು ವ್ಯಾಪಿಸಿತು. ಅದೇ ೨೦೦೪ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು, ೧೯೯೯ರ ಚುನಾವಣೆಗೆ ಸಂಬಂಧಿಸಿದ ತಕರಾರು ಅರ್ಜಿಯೊಂದನ್ನು ತೀರ್ಮಾನಿಸುವಾಗ, ಮತಯಂತ್ರವು ರಾಷ್ಟ್ರದ ಹೆಮ್ಮೆಯ ಸಾಧನೆಯೆಂದು ಪ್ರಶಂಸಿಸಿತು.

ಯಂತ್ರದ ರಚನೆ

ಯಂತ್ರದಲ್ಲಿ ಎರಡು ಮುಖ್ಯ ಭಾಗಗಳಿವೆ. ಮರೆಯೊಳಗೆ ಮತದಾರನ ಮುಂದಿರುವುದು ಮತ ಘಟಕ; ಅಧ್ಯಕ್ಷಾಧಿಕಾರಿಯ ಅಥವಾ ಮತಗಟ್ಟೆ ಅಧಿಕಾರಿಯ ಮೇಜಿನ ಮೇಲಿರುವುದು ನಿಯಂತ್ರಣ ಘಟಕ. ಐದು ಮೀಟರು ಉದ್ದದ ತಂತಿ ಇವೆರಡನ್ನೂ ಬೆಸೆಯುತ್ತದೆ. ಒಂದು ಮತ ಘಟಕದಲ್ಲಿ ಹದಿನಾರು ಗುಂಡಿಗಳಿರುತ್ತವೆ. ಈಚಿನ ಮಾದರಿಯಲ್ಲಿ ಇಂಥ ೨೪ ಘಟಕಗಳನ್ನು ಜೋಡಿಸಬಹುದಾದ್ದರಿಂದ ೩೮೪ ಹೆಸರುಗಳವರೆಗೂ ಸ್ಥಳವಿದೆ. ಅಧಿಕಾರಿಯು ಪ್ರತಿ ಮತದಾರನಿಗೂ ಒಮ್ಮೆ ಗುಂಡಿ ಒತ್ತಿ ಅನುಮತಿ ಕೊಟ್ಟ ಹೊರತು ಮತ ದಾಖಲಾಗದು. ಒಂದು ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತಗಳು ಬೀಳದಂತೆ ವ್ಯವಸ್ಥೆಯಿರುವುದರಿಂದ, ಮತಗಟ್ಟೆಗೆ ನುಗ್ಗಿದ ಪುಂಡರಿಗೆ ಹಿಂದಿನಂತೆ ಕ್ಷಣಾರ್ಧದಲ್ಲಿ ಪೆಟ್ಟಿಗೆ ತುಂಬುವುದು ಅಸಾಧ್ಯ. ತಿರಸ್ಕೃತ ಮತಗಳ ಪೀಡೆಯೂ ತಪ್ಪಿತು. ಯಂತ್ರವು ವಿದ್ಯುತ್ಕೋಶದಿಂದ ನಡೆಯುವುದರಿಂದ ಕರೆಂಟಿಲ್ಲದ ಹಳ್ಳಿಯಲ್ಲೂ ಕೆಲಸ ಮಾಡುತ್ತದೆ. ಅದಕ್ಕೆ ಹೊರಜಗತ್ತಿನೊಡನೆ ತಂತಿಯ ಅಥವಾ ನಿಸ್ತಂತು ಸಂಪರ್ಕವಿಲ್ಲ. ಯಾವ ಯಂತ್ರ ಯಾವ ಮತಗಟ್ಟೆಗೆ ಹೋಗಬೇಕೆಂಬುದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿಶ್ಚಯವಾಗುತ್ತದೆ. ಮತದಾನದ ಮುಂಜಾನೆ ಅಭ್ಯರ್ಥಿಗಳ ಏಜೆಂಟರ ಎದುರಿನಲ್ಲಿ ಕನಿಷ್ಠ ಐವತ್ತು ಮತಗಳ ಅಣಕು ಮತದಾನ ನಡೆದು, ಫಲಿತಾಂಶವನ್ನು ತಾಳೆ ನೋಡಿ, ಆ ಮತಗಳನ್ನು ಅಳಿಸಿದ ಮೇಲೆ ನಿಜವಾದ ಮತದಾನ ಮೊದಲಾಗುತ್ತದೆ.

ಸಂದೇಹದ ಪೂರ್ವಪಕ್ಷ

ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತವನ್ನು ಹೇಳುವ ಮುನ್ನ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸುವ ಸತ್ಸಂಪ್ರದಾಯವಿದೆ. ಮತಯಂತ್ರದ ವಿಷಯದಲ್ಲೂ ಅದನ್ನು ಪಾಲಿಸುವುದು ನ್ಯಾಯ.

ಪೂರ್ವಪಕ್ಷದ ಮೊದಲ ಮಾತು ಇದು: ಪೆಟ್ಟಿಗೆಯೊಳಗೆ ಮತಪತ್ರ ಬೀಳುವುದನ್ನು ಅಕ್ಷರ ಬಾರದವನೂ ಕಣ್ಣಾರೆ ಕಾಣುತ್ತಿದ್ದನು. ಯಂತ್ರದೊಳಗೆ ಮತ ಎಲ್ಲಿ ಬಿತ್ತೆಂಬುದನ್ನು ಪಂಡಿತನೂ ಕಾಣಲಾರ. ದೀಪ ಹೊತ್ತಿತು, ಸದ್ದಾಯಿತು ಎಂಬುದು ಯಂತ್ರದ ಮಾತೇ ಹೊರತು ಮತದ ಸಾಕ್ಷಿಯಲ್ಲ. ಎರಡನೆಯದಾಗಿ, ಯಂತ್ರವು ಬೇರೆಯವರ ಕೈಗೆ ಸ್ವಲ್ಪ ಹೊತ್ತು ಸಿಕ್ಕಿದರೂ ಸಾಕು, ಅದನ್ನು ಕೆಡಿಸಬಹುದು. ೨೦೧೦ರಲ್ಲಿ ಹೈದರಾಬಾದಿನ ಹರಿಪ್ರಸಾದರು, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ನೆದರ್‌ಲೆಂಡ್ಸಿನ ರಾಪ್ ಗೊಂಗ್ರೈಪ್ ಅವರೊಡಗೂಡಿ ಇದನ್ನು ಅಂದಿನ ಮಾದರಿಯ ಯಂತ್ರವೊಂದರ ಮೇಲೆ ಪ್ರಯೋಗಿಸಿ ತೋರಿಸಿದರು. ಅಂಕಿ ತೋರುವ ಫಲಕದ ಜಾಗದಲ್ಲಿ ಅದರಂತೆಯೇ ಕಾಣುವ ಕಪಟ ಫಲಕವನ್ನಿಟ್ಟರೆ ಎಣಿಕೆ ಸುಳ್ಳಾಗುವುದೆಂಬುದು ಅವರ ಪ್ರತಿಪಾದನೆಗಳಲ್ಲಿ ಒಂದು. ಆ ಯಂತ್ರ ಎಲ್ಲಿಂದ ಬಂತೆಂಬ ವಿಚಾರಣೆಯಲ್ಲಿ ಹರಿಪ್ರಸಾದರು ಬಂಧನಕ್ಕೊಳಗಾದರು. ಯಂತ್ರವು ಉಗ್ರಾಣದಿಂದ ಹೊರಬಂದದ್ದು ಅಪರಾಧವಾದರೆ, ಅದು ಹೊರಬರಲು ಸಾಧ್ಯವಾಯಿತೆಂಬುದೇ ಚಿಂತೆಗೆ ಕಾರಣವೆಂದು ಸಂದೇಹಿಗಳು ವಾದಿಸಿದರು.

ಪೂರ್ವಪಕ್ಷದ ದೌರ್ಬಲ್ಯವನ್ನೂ ಹೇಳಬೇಕು. ಒಂದು ಯಂತ್ರವನ್ನು ಕೆಡಿಸಬಹುದೆಂಬುದರಿಂದ ಚುನಾವಣೆಯನ್ನು ಕೆಡಿಸಲಾಗಿದೆಯೆಂದು ಸಿದ್ಧವಾಗುವುದಿಲ್ಲ. ದೇಶದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಮತಗಟ್ಟೆಗಳಿವೆ. ಒಂದಕ್ಕೊಂದು ಸಂಪರ್ಕವಿಲ್ಲದ ಅಷ್ಟು ಯಂತ್ರಗಳನ್ನು ಒಂದೊಂದಾಗಿ ಬಿಚ್ಚಿ, ಯಾರ ಕಣ್ಣಿಗೂ ಬೀಳದೆ ಮತ್ತೆ ಮುದ್ರೆ ಹಾಕುವುದು ಸುಲಭಸಾಧ್ಯವಲ್ಲ. ಇದಕ್ಕೂ ಮಿಗಿಲಾಗಿ, ಸಂದೇಹದ ಧ್ವಜವು ಸೋತವರ ಕೈಯಿಂದ ಕೈಗೆ ಸಾಗುತ್ತ ಬಂದಿದೆ. ೨೦೦೯ರಲ್ಲಿ ಸೋತ ಭಾರತೀಯ ಜನತಾ ಪಕ್ಷದ ನಾಯಕ ಲಾಲಕೃಷ್ಣ ಆಡ್ವಾಣಿಯವರು ಯಂತ್ರವನ್ನು ಶಂಕಿಸಿದರು. ೨೦೧೭ರಲ್ಲಿ ಉತ್ತರ ಪ್ರದೇಶದಲ್ಲಿ ಸೋತ ಮಾಯಾವತಿಯವರು ಅದನ್ನೇ ಮಾಡಿದರು. ಅದೇ ವರ್ಷದ ಜೂನ್‌ನಲ್ಲಿ ಆಯೋಗವು ಯಂತ್ರದ ದೋಷವನ್ನು ತೋರಿಸಿಕೊಡಿರೆಂದು ಪಕ್ಷಗಳನ್ನು ಕರೆದಾಗ ಬಂದವು ಎರಡೇ ಪಕ್ಷಗಳು. ಅವು ಸಹ ಪರೀಕ್ಷೆಗೆ ಕೈಹಾಕದೆ ಕಾರ್ಯವಿಧಾನವನ್ನು ತಿಳಿದುಕೊಂಡು ಹಿಂದಿರುಗಿದವು. ಆಯೋಗ ವಿಧಿಸಿದ ನಿಬಂಧನೆಗಳು ಬಹಳ ಬಿಗಿಯಾದುವೆಂಬ ಆಕ್ಷೇಪ ಆಗ ಕೇಳಿಬಂದಿತ್ತು. ಹೀಗಿದ್ದರೂ ಕುಣಿಯಲಾರದವಳಿಗೆ ಅಂಗಳ ಡೊಂಕು ಎಂಬ ಗಾದೆಯನ್ನು ಸೋತ ಪಕ್ಷಗಳು ಪದೇ ಪದೇ ನೆನಪಿಗೆ ತಂದಿವೆಯೆಂದರೆ ತಪ್ಪಾಗಲಾರದು. ಆದರೆ ಅಂಗಳವು ನಿಜವಾಗಿ ಡೊಂಕೋ ಅಲ್ಲವೋ ಎಂಬುದನ್ನು ಅಳೆದು ನೋಡುವ ಅಗತ್ಯವನ್ನು ಈ ಗಾದೆ ಇಲ್ಲದಂತೆ ಮಾಡುವುದಿಲ್ಲ.

ಹೊರನಾಡುಗಳ ಅನುಭವ

ಜರ್ಮನಿಯಲ್ಲಿ ೨೦೦೫ರ ಚುನಾವಣೆಯಲ್ಲಿ ಸುಮಾರು ಇಪ್ಪತ್ತು ಲಕ್ಷ ಮತದಾರರು ಯಂತ್ರದ ಮೂಲಕ ಮತ ಹಾಕಿದರು. ಉಲ್ರಿಚ್ ವೀಸ್ನರ್ ಎಂಬ ಭೌತವಿಜ್ಞಾನಿಯೂ ರಾಜ್ಯಶಾಸ್ತ್ರಜ್ಞರಾದ ಅವರ ತಂದೆಯೂ ಅದನ್ನು ಪ್ರಶ್ನಿಸಿದರು. ೨೦೦೯ರ ಮಾರ್ಚ್ ೩ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯವಿತ್ತ ತೀರ್ಪು ಮನನೀಯವಾದುದು. ಚುನಾವಣೆ ಎಂಬುದು ಸಾರ್ವಜನಿಕ ಕಾರ್ಯ. ಅದರ ಮುಖ್ಯ ಹಂತಗಳು ಸರಿಯಾಗಿ ನಡೆದವೇ ಎಂಬುದನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಯೂ ಪರಿಶೀಲಿಸುವಂತಿರಬೇಕು ಎಂಬುದು ಅದರ ತಿರುಳು. ಯಂತ್ರಗಳು ತಪ್ಪೆಣಿಸಿದವೆಂಬುದಕ್ಕೆ ಸಾಕ್ಷ್ಯವಿಲ್ಲವಾದ್ದರಿಂದ ನ್ಯಾಯಾಲಯವು ಆ ಚುನಾವಣೆಯನ್ನು ರದ್ದುಮಾಡಲಿಲ್ಲ. ಪರಿಶೀಲನೆಗೆ ದಾರಿಯಿಲ್ಲದ ಯಂತ್ರಗಳ ಬಳಕೆಯನ್ನು ಅಸಾಂವಿಧಾನಿಕವೆಂದಿತು. ನೆದರ್‌ಲೆಂಡ್ಸಿನಲ್ಲಿ ಸಂದೇಹಿಗಳ ಗುಂಪೊಂದು ಮತಯಂತ್ರವನ್ನು ಚದುರಂಗ ಆಡುವಂತೆ ಮಾರ್ಪಡಿಸಿ, ಮತ ಎಣಿಸುವುದನ್ನು ಬಿಟ್ಟು ಬೇರೆ ಕೆಲಸವನ್ನೂ ಅದಕ್ಕೆ ಕಲಿಸಬಹುದೆಂದು ತೋರಿಸಿತು. ೨೦೦೮ರಲ್ಲಿ ಆ ದೇಶ ಕಾಗದಕ್ಕೂ ಪೆನ್ಸಿಲಿಗೂ ಮರಳಿತು. ಐರ್ಲೆಂಡು ಐದು ಕೋಟಿ ಯೂರೋಗಳಿಗೂ ಹೆಚ್ಚು ವ್ಯಯಮಾಡಿದ ತನ್ನ ಯಂತ್ರಗಳನ್ನು ೨೦೧೨ರಲ್ಲಿ ಗುಜರಿಗೆ ಹಾಕಿತು.

ಅಮೆರಿಕದ ಜಾರ್ಜಿಯಾ ರಾಜ್ಯದ ಅನುಭವ ಇನ್ನೊಂದು ಬಗೆಯದು. ೨೦೨೦ರ ಅಧ್ಯಕ್ಷ ಚುನಾವಣೆಯ ನಂತರ ಅಲ್ಲಿ ಯಂತ್ರಗಳ ಮೇಲೆ ಘೋರ ಆಪಾದನೆಗಳೆದ್ದವು. ಕಾಗದದ ಮತಪತ್ರಗಳಿದ್ದುದರಿಂದ ಸುಮಾರು ಐವತ್ತು ಲಕ್ಷ ಮತಗಳನ್ನು ಕೈಯಿಂದಲೇ ಮತ್ತೆ ಎಣಿಸಲಾಯಿತು. ಕೆಲವು ಕಡೆ ಲೆಕ್ಕಕ್ಕೆ ಬಾರದೆ ಉಳಿದಿದ್ದ ಮತಗಳು ಬೆಳಕಿಗೆ ಬಂದವು. ಗೆದ್ದವರು ಮಾತ್ರ ಬದಲಾಗಲಿಲ್ಲ. ಅಷ್ಟಾದರೂ ಒಪ್ಪದವರು ಒಪ್ಪಲಿಲ್ಲ. ಪರಿಶೀಲನೆಗೆ ದಾರಿಯಿಲ್ಲದ ಯಂತ್ರ ಹೇಗೆ ದೋಷವೋ, ಪರಿಶೀಲನೆಯನ್ನು ಒಪ್ಪದ ಸಂದೇಹವೂ ಹಾಗೆಯೇ ದೋಷವೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

ಕಾಗದದ ಸಾಕ್ಷಿ

ಭಾರತವು ಹಿಡಿದದ್ದು ನಡುವಣ ಮಾರ್ಗ. ಮತದಾರನು ಗುಂಡಿ ಒತ್ತಿದೊಡನೆ ಅವನು ಆರಿಸಿದ ಚಿಹ್ನೆಯುಳ್ಳ ಚೀಟಿಯೊಂದು ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿಕೊಂಡು, ಕತ್ತರಿಸಿ ಪೆಟ್ಟಿಗೆಯೊಳಗೆ ಬೀಳುವ ಏರ್ಪಾಡನ್ನು ವಿವಿಪ್ಯಾಟ್ ಎನ್ನುತ್ತಾರೆ. ೨೦೧೩ರ ಸೆಪ್ಟೆಂಬರ್‌ನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದ ಉಪಚುನಾವಣೆಯಲ್ಲಿ ಇದು ಮೊದಲು ಬಳಕೆಯಾಯಿತು. ಮುಂದಿನ ತಿಂಗಳು, ಸುಬ್ರಮಣಿಯನ್ ಸ್ವಾಮಿಯವರ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಗದದ ಸಾಕ್ಷಿ ಮುಕ್ತ ಚುನಾವಣೆಗೆ ಅವಶ್ಯವೆಂದು ಸಾರಿತು. ೨೦೧೯ರ ಲೋಕಸಭಾ ಚುನಾವಣೆಯಲ್ಲಿ ಅದು ಎಲ್ಲ ಮತಗಟ್ಟೆಗಳನ್ನೂ ಮುಟ್ಟಿತು. ಅದೇ ವರ್ಷ ನ್ಯಾಯಾಲಯದ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಒಂದರ ಬದಲು ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ತಾಳೆ ನೋಡುವುದು ಕಡ್ಡಾಯವಾಯಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನೂ ಮತಪತ್ರಕ್ಕೆ ಹಿಂದಿರುಗಬೇಕೆಂಬ ಬೇಡಿಕೆಯನ್ನೂ ೨೦೨೪ರ ಏಪ್ರಿಲ್ ೨೬ರಂದು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು. ಆದರೆ ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಗಳು ಬರಹದಲ್ಲಿ ಕೇಳಿದರೆ ಶೇಕಡ ಐದರಷ್ಟು ಯಂತ್ರಗಳನ್ನು ಫಲಿತಾಂಶದ ನಂತರ ಪರೀಕ್ಷೆಗೆ ಒಡ್ಡಬೇಕೆಂದು ವಿಧಿಸಿತು. ಅರ್ಜಿದಾರರ ಕೋರಿಕೆ ಬಿದ್ದುಹೋದರೂ ಅವರ ಸಂದೇಹದಿಂದ ಪರಿಶೀಲನೆಯ ಒಂದು ಹೊಸ ಬಾಗಿಲು ತೆರೆಯಿತು.

ಸಂದೇಹವು ವಿವಿಪ್ಯಾಟ್‌ನ ಬಳಿಯಲ್ಲೇ ನಿಲ್ಲಲಿಲ್ಲ. ಚಿಹ್ನೆಗಳನ್ನು ಮತದಾನಕ್ಕೆ ಕೆಲದಿನ ಮುನ್ನ ಹೊರಗಿನ ಸಾಧನದಿಂದ ವಿವಿಪ್ಯಾಟ್‌ಗೆ ತುಂಬುವುದು ಹೊಸ ಸಂದೇಹಕ್ಕೆ ಎಡೆಮಾಡಿತು; ಆ ಸಾಧನಗಳನ್ನು ಫಲಿತಾಂಶದ ನಂತರ ೪೫ ದಿನ ಮುದ್ರೆಯೊತ್ತಿ ಕಾಪಾಡಬೇಕೆಂದು ಅದೇ ತೀರ್ಪು ಆಜ್ಞಾಪಿಸಿತು. ಕರ್ನಾಟಕದ ಸಚಿವ ಸಂಪುಟವು ೨೦೨೫ರ ಸೆಪ್ಟೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಬಳಸುವಂತೆ ಶಿಫಾರಸು ಮಾಡಲು ನಿರ್ಧರಿಸಿತು. ಇತ್ತ ಮತದಾರರ ಪಟ್ಟಿಯೇ ಸಂದೇಹದ ವಸ್ತುವಾಗಿದೆ. ೨೦೨೩ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಬೇಕೆಂದು ಅಂತರ್ಜಾಲದ ಮೂಲಕ ೬,೦೧೮ ಅರ್ಜಿಗಳು ಬಂದವು. ಸ್ಥಳದಲ್ಲಿ ವಿಚಾರಿಸಿದಾಗ ೨೪ ಮಾತ್ರ ಸರಿಯೆಂದೂ ಮಿಕ್ಕ ೫,೯೯೪ ತಪ್ಪೆಂದೂ ಕಂಡುಬಂದುದಾಗಿ ಆಯೋಗ ತಿಳಿಸಿದೆ. ಆ ಹೆಸರುಗಳು ಪಟ್ಟಿಯಲ್ಲಿ ಉಳಿದವು. ದೂರದಲ್ಲಿ ಕುಳಿತು ಗುಂಡಿ ಒತ್ತಿದವರು ಮಾಡಹೊರಟ ಕೇಡು, ಮನೆಯ ಬಾಗಿಲಿಗೆ ಹೋಗಿ ವಿಚಾರಿಸಿದುದರಿಂದ ತಪ್ಪಿತು.

ಉಪಾಧ್ಯಾಯರ ಹೊಣೆ

ಎಷ್ಟೋ ವೇಳೆ ಯಂತ್ರವು ನಿರ್ದೋಷಿಯಾಗಿದ್ದು, ತಪ್ಪು ಅದನ್ನು ನಡೆಸಿದವರದಾಗಿರುತ್ತದೆ. ೨೦೧೯ರಲ್ಲಿ ಆಂಧ್ರಪ್ರದೇಶದ ಮೈದುಕೂರು ಕ್ಷೇತ್ರದ ಒಂದು ಮತಗಟ್ಟೆಯಲ್ಲಿ ಯಂತ್ರದ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ವ್ಯತ್ಯಾಸ ಬಂತು. ಅಣಕು ಮತದಾನದ ಮತಗಳನ್ನು ಅಳಿಸದೆ ಬಿಟ್ಟದ್ದು ಅದಕ್ಕೆ ಕಾರಣವಾಗಿತ್ತು. ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಗ್ರಾಮದ ಪ್ರಸಂಗ ಇದಕ್ಕಿಂತ ಬೋಧಪ್ರದ. ೨೦೨೨ರ ನವೆಂಬರ್‌ನಲ್ಲಿ ನಡೆದ ಸರಪಂಚ ಚುನಾವಣೆಯಲ್ಲಿ ಒಂದು ಮತಗಟ್ಟೆಯ ಅಂಕಿಗಳು ಅದಲುಬದಲಾಗಿ, ಸೋತವನೇ ಗೆದ್ದನೆಂದು ಘೋಷಣೆಯಾಯಿತೆಂಬ ದೂರು ಬಂತು. ೨೦೨೫ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಯಂತ್ರಗಳನ್ನು ತನ್ನ ಆವರಣಕ್ಕೇ ತರಿಸಿ ಎಣಿಸಿತು. ಒಬ್ಬರಿಗೆ ೧,೦೫೧, ಇನ್ನೊಬ್ಬರಿಗೆ ೧,೦೦೦ ಮತಗಳು, ಗೆದ್ದವರು ಬದಲಾದರು. ಯಂತ್ರ ಸತ್ಯವನ್ನೇ ಹಿಡಿದಿಟ್ಟಿತ್ತು. ಆ ಸತ್ಯ ಹೊರಬರಲು ಒಬ್ಬನ ಸಂದೇಹವೂ ಸುಮಾರು ಮೂರು ವರ್ಷಗಳ ಕಾಲವೂ ಬೇಕಾದವು.

ಆದುದರಿಂದ ಮತಗಟ್ಟೆಯಲ್ಲಿ ಕುಳಿತ ಉಪಾಧ್ಯಾಯನಿಗೆ ಏಜೆಂಟನು ಕೇಳುವ ಪ್ರಶ್ನೆ ಕಿರಿಕಿರಿಯಾಗಿ ತೋರಬಾರದು. ಅಣಕು ಮತದಾನವನ್ನು ಶಾಸ್ತ್ರಕ್ಕೆ ಮುಗಿಸದೆ ಎಲ್ಲರಿಗೂ ಕಾಣುವಂತೆ ನಡೆಸುವುದು, ಅನಂತರ ಅದರ ಮತಗಳನ್ನು ಮರೆಯದೆ ಅಳಿಸುವುದು, ಚಲಾವಣೆಯಾದ ಮತಗಳ ಲೆಕ್ಕವನ್ನು ಹದಿನೇಳು-ಸಿ ನಮೂನೆಯಲ್ಲಿ ಸರಿಯಾಗಿ ಬರೆದು ಪ್ರತಿ ಏಜೆಂಟನಿಗೂ ಅದರ ನಕಲನ್ನು ಕೊಡುವುದು, ಮುದ್ರೆಗಳ ಮೇಲೆ ಏಜೆಂಟರ ಸಹಿ ಪಡೆಯುವುದು, ಇವೇ ಪ್ರಜಾಪ್ರಭುತ್ವದ ನಿತ್ಯಕರ್ಮಗಳು. ದಿನವಿಡೀ ದಣಿದ ಮೇಲೆ ಬರೆಯುವ ಆ ಒಂದು ಹಾಳೆಯ ಮೇಲೆ ಕ್ಷೇತ್ರವೊಂದರ ವಿಶ್ವಾಸ ನಿಂತಿದೆ.

ಒಂದು ಸಂಸ್ಥೆಯ ಖಜಾಂಚಿ ಎಷ್ಟೇ ಪ್ರಾಮಾಣಿಕನಾದರೂ ವರ್ಷಾಂತ್ಯಕ್ಕೆ ಲೆಕ್ಕ ಪರಿಶೋಧಕರು ಬಂದು ಖಾತೆ-ಕಿರ್ದಿಗಳನ್ನು ತೆರೆಸುತ್ತಾರೆ. ಪ್ರಾಮಾಣಿಕನಿಗೆ ಇದರಿಂದ ಕುಂದಿಲ್ಲ. ದಾನಿಗಳ ವಿಶ್ವಾಸ ಉಳಿಯುವುದೂ ಸಂಸ್ಥೆ ಬೆಳೆಯುವುದೂ ಇದರಿಂದಲೇ. ಲೆಕ್ಕ ಸರಿಯಿದೆಯೆಂದು ಪರಿಶೋಧನೆಯಲ್ಲಿ ಕಂಡ ಮೇಲೂ ಖಜಾಂಚಿಯನ್ನು ಕಳ್ಳನೆಂದು ಕರೆಯುವುದು ಮಾತ್ರ ಅಧರ್ಮ. ಮತಯಂತ್ರಕ್ಕೂ ಈ ನ್ಯಾಯವೇ ಅನ್ವಯಿಸುತ್ತದೆ. ಆಳುವವರು ಪರಿಶೀಲನೆಯ ಬಾಗಿಲನ್ನು ತೆರೆದಿಡಬೇಕು. ಸಂದೇಹಿಸುವವರು ಆ ಬಾಗಿಲಿನಿಂದ ಒಳಹೊಕ್ಕು ಕಂಡದ್ದನ್ನು, ಅದು ತಮಗೆ ಪ್ರತಿಕೂಲವಾಗಿದ್ದರೂ, ಒಪ್ಪಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪ್ರಮಾಣಿಸುವುದು ಹೇಗೆಂಬುದನ್ನು ಮುಂದಿನ ಮತದಾರರಿಗೆ ಕಲಿಸುವ ಕೆಲಸವು, ಮತಗಟ್ಟೆಯಾಗುವ ಅದೇ ತರಗತಿಯಲ್ಲಿ, ಮಿಕ್ಕ ದಿನಗಳಲ್ಲಿ ನಡೆಯಬೇಕಾಗಿದೆ.